ಸಲೂನ್ ಗಾಜಿನ ಕೆಳಸಾಲು

ಫೆಬ್ರವರಿ 3, ಸೋಮವಾರ

ಮತ್ತೆ ಗೆರೆ. ಬೆಳಗಿನಿಂದ ನಮ್ಮ ಮನೆ ಕಿಟಕಿಯನ್ನೇ ಒರೆಸುತ್ತಿದ್ದೇನೆ, ಬಿಸಿಲು ಬಿದ್ದರೆ ಸಾಕು, ಬಾಚಣಿಗೆ ಎಳೆದ ಹಾಗೆ ಗೆರೆಗಳು. ಸೋಪು ಜಾಸ್ತಿ ಆಗಿದೆ. ಬಕೆಟ್ಟಿಗೆ ಒಂದೆರಡು ಹನಿ ಸಾಕು. ಪ್ರತಿ ಸಲ ಎಳೆದ ಮೇಲೂ ವೈಪರಿನ ರಬ್ಬರು ಒರೆಸಿಕೊಳ್ಳಬೇಕು.

ದುಡ್ಡು ಸುರಿದದ್ದು ವೈಪರಿಗೆ ಮಾತ್ರ. ಉಳಿದದ್ದೆಲ್ಲ ಮನೆಯದೇ — ಬಕೆಟ್, ಇವರ ಹಳೇ ಬನಿಯನ್ನು, ಅಡುಗೆಮನೆ ಸ್ಟೂಲು. ಮತ್ತೆ ಮಗಳು ಕೂಸಾಗಿದ್ದಾಗಿನ ತಳ್ಳುಗಾಡಿ. ಬಕೆಟ್ ಅದರಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತೆ.

ಟಾಕೀಸು ಮುಚ್ಚುವವರೆಗೂ ಟಿಕೆಟ್ ಕೌಂಟರಿನ ಗಾಜಿನ ಹಿಂದೆ ಕೂತವಳು ನಾನು. ಆ ಗಾಜನ್ನು ಒರೆಸಲು ಒಂದು ನರಪಿಳ್ಳೆಯೂ ಬರಲಿಲ್ಲ. ಅಂಗಡಿಗಳ ಗಾಜು ಒರೆಸಿ ದುಡಿಯುವ ಐಡಿಯಾ ಆಗಲೇ ಹೊಳೆದದ್ದು. ಇವರು ಹೇಳಿದ್ದು, "ಬೇಸಿಗೆ ಮುಗಿಯೋವರೆಗೂ ನೋಡು. ಆಗ್ಲಿಲ್ಲ ಅಂದ್ರೆ ಪ್ಯಾಕಿಂಗ್ ಕೆಲ್ಸ ಇದ್ದೇ ಇದೆ." ಪ್ಯಾಕಿಂಗ್ ಅಂದರೆ ಕಿಟಕಿಯೇ ಇಲ್ಲದ ಗೋಡೌನು. ಅಲ್ಲಿಗೆ ಹೋಗಲಾರೆ. ಸತ್ತರೂ ಹೋಗಲಾರೆ.

ಮಾವನಿಗೆ ಸಿಟ್ಟು. ಅಂಗಡಿ ಸಾಲಿನ ಬೋರ್ಡುಗಳನ್ನೆಲ್ಲ ಬರೆದವರು ಅವರು. ಕಂಪ್ಯೂಟರ್ ಸ್ಟಿಕ್ಕರ್ ಬಂದ ಮೇಲೆ ಬ್ರಷ್ಷು ಕಟ್ಟಿಟ್ಟು ಕುರ್ಚಿ ಹಿಡಿದರು. "ನಾನು ಹೆಸ್ರು ಬರೆದ ಅಂಗಡಿ ಮುಂದೆ ನನ್ನ ಸೊಸೆ ಬಕೆಟ್ ಹಿಡ್ಕೊಂಡು ನಿಲ್ಬೇಕಾ?" ಅವರ ಕುರ್ಚಿ ಪಕ್ಕದ ಕಿಟಕಿಯನ್ನೂ ಒರೆಸಿ ಬಂದೆ.

ಫೆಬ್ರವರಿ 6, ಗುರುವಾರ

ಗಾಡಿ ತಳ್ಳಿಕೊಂಡು ಹೊರಟೆ. ರಸ್ತೆಯಲ್ಲಿ ಒಬ್ಬ ಅಜ್ಜಿ ಬಾಗಿ ನೋಡಿದರು. "ಎಷ್ಟು ತಿಂಗ್ಳಮ್ಮಾ ಕೂಸಿಗೆ?" ಒಳಗೆ ಬಕೆಟ್! "ಈಗಷ್ಟೇ ನೀರು ಕುಡಿಸಿದೀನಿ ಅಜ್ಜಿ" ಅಂದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ಸಿಕ್ಕಿತು, ಕೆಲಸ ಸಿಗಲಿಲ್ಲ.

ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಎಲ್ಲರದೂ ಒಂದೇ ರಾಗ. "ಮೊದ್ಲು ಸಲೂನ್‌ನವ್ರು ಮಾಡಿಸ್ಲಿ. ಅವ್ರು ಚೆನ್ನಾಗಿದೆ ಅಂದ್ರೆ ನೋಡೋಣ." ಆ ಸಾಲಿನ ಗಂಡಸರೆಲ್ಲ ಅವನ ಕತ್ತರಿಗೆ ತಲೆ ಕೊಟ್ಟವರೇ ತಾನೆ. ಅವನು ಅಂದದ್ದೇ ಮಾತು.

ಫೆಬ್ರವರಿ 7, ಶುಕ್ರವಾರ

ಸಲೂನಿನಣ್ಣ ಒಪ್ಪಿದ! ಹೊರಗಡೆ ಗಾಜು ಮಾಡಿದೆ. ಒಂದು ಗೆರೆ ಇಲ್ಲ. ಅಣ್ಣ ರಸ್ತೆಗಿಳಿದು ನೋಡಿದ, ಆ ಕಡೆ ಈ ಕಡೆ ತಲೆ ವಾಲಿಸಿದ. "ಒಳಗೂ ಮಾಡ್ಬಿಡಮ್ಮಾ, ಯಾವ ಕಾಲದ ಜಿಡ್ಡೋ ಏನೋ." ನಾಳೆ ಒಳಗಡೆ. ಕೈ ನೋಯುತ್ತಿದೆ, ಆದರೂ ಹಾಡು ಬರುತ್ತಿದೆ.

ಫೆಬ್ರವರಿ 8, ಸಂಜೆ

ಎಂಥ ಕೆಲಸ ಮಾಡಿಟ್ಟೆ.

ಸ್ಪ್ರೇ, ಎಣ್ಣೆ, ಪೌಡರು ಸೇರಿ ಒಳಗಡೆ ಗಾಜು ಕಂದುಗಟ್ಟಿತ್ತು. ಸೋಪಿಗೆ ಬಗ್ಗಲಿಲ್ಲ. ಬ್ಲೇಡು ಹಿಡಿದೆ. ಕೆಳಗಡೆ, ಬಾಟಲಿ ಸ್ಟ್ಯಾಂಡಿನ ಹಿಂದೆ, ಉದ್ದಕ್ಕೆ ಒಣಗಿದ ಬಣ್ಣದ ಚುಕ್ಕೆಗಳು. ಸುಣ್ಣ ಬಳಿದಾಗ ಸಿಡಿದದ್ದು ಅಂದುಕೊಂಡು ಬಲಗಡೆಯಿಂದ ಹೆರೆಯುತ್ತಾ ಬಂದೆ. ಸಲೀಸಾಗಿ ಎದ್ದು ಬಂತು. ಏನು ಖುಷಿ ನನಗೆ!

ಆಗ ಹೊರಗಿನಿಂದ ಯಾರೋ ಗಾಜು ತಟ್ಟಿದರು. ಶೇವಿಂಗಿಗೆ ಬಂದವನು. "ಬರ್ಲೋ ಬೇಡ್ವೋ?" ಅಂತ ಕೈಯಲ್ಲೇ ಕೇಳುತ್ತಿದ್ದಾನೆ. ಹೋಗಿ ನೋಡಿದೆ. ಅಂಗಡಿಯ ಹೆಸರು ಮೇಲೆ ದೊಡ್ಡದಾಗಿ ಹಾಗೇ ಇದೆ. ಅದರ ಕೆಳಗೆ "ಒಳಗೆ ಬನ್ನಿ, ಹೊಸ ಮುಖ ಹೊತ್ತು ಹೋಗಿ" ಅಂತ ಇದ್ದ ಸಾಲಿನಲ್ಲಿ ಈಗ ಒಂದೇ ಮಾತು ಉಳಿದಿದೆ — "ಹೋಗಿ".

ಬೋರ್ಡು ಬರೆಯುವವರ ಸೊಸೆ ನಾನು! ಮಳೆ ತಾಗದಿರಲಿ ಅಂತ ಗಾಜಿಗೆ ಒಳಗಿನಿಂದ, ಅಕ್ಷರ ತಿರುಗಿಸಿ ಬರೆಯುತ್ತಾರೆ ಅಂತ ಊಟಕ್ಕೆ ಕೂತಾಗಲೆಲ್ಲ ಕೇಳಿ ಕಿವಿ ತೂತಾಗಿದೆ. ಬಾಟಲಿ ಸಂದಿಯಲ್ಲಿ, ಜಿಡ್ಡಿನಡಿ, ತಿರುಗಾ ಮುರುಗಾ ಕಂಡ ಅಕ್ಷರ ನನಗೆ ಕೊಳೆಯಾಗಿ ಕಂಡಿತಲ್ಲ. ಅದೂ ಮಾವ ಬರೆದದ್ದು.

ಸಲೂನಿನಣ್ಣ ಕೂಗಾಡಲಿಲ್ಲ. ಅದೇ ಹೆದರಿಕೆ. "ಗಿರಾಕಿಗೆ ಹೋಗಿ ಅಂತಿದೆಯಲ್ಲಮ್ಮಾ ನನ್ನ ಅಂಗಡಿ! ಗುರುವಾರ ರಜೆ, ಅವತ್ತು ಸರಿ ಮಾಡ್ಸು. ಇಲ್ಲಾಂದ್ರೆ ಕೇಳಿದವ್ರಿಗೆ ಇದ್ದದ್ದು ಇದ್ದಂಗೆ ಹೇಳ್ತೀನಿ." ಅವನು ಹೇಳಿದರೆ ಆ ಸಾಲೇ ಮುಗಿಯಿತು. ನನಗೆ ಗೋಡೌನೇ ಗತಿ.

ಫೆಬ್ರವರಿ 9

ಹೇಗೆ ಬಾಯಿಬಿಡುವುದೋ ಅಂತ ನಾನು ಒದ್ದಾಡುತ್ತಿದ್ದರೆ, ಸಲೂನಿನ ಮುಂದೆ ಹಾದುಬಂದ ಮಗಳು ಊಟಕ್ಕೆ ಕೂತು, "ಅಜ್ಜಾ, ನೀವು ಬರೆದ ಗಾಜು ಎಲ್ರಿಗೂ ಹೋಗಿ ಅಂತಿದೆ" ಅಂದುಬಿಟ್ಟಳು. ಇವರು ತಟ್ಟೆ ನೋಡಿದರು. ಮಾವ ಕೈ ತೊಳೆದು ಎದ್ದರು.

ಫೆಬ್ರವರಿ 12, ಬುಧವಾರ

ಮೂರು ದಿನದಿಂದ ಮನೆಯಲ್ಲಿ ಫ್ಯಾನಿನದೊಂದೇ ಸದ್ದು. ಇವತ್ತು ಟೀ ಕೊಟ್ಟಾಗ ಮಾವ ಕೇಳಿದರು, "ಬ್ಲೇಡು ಹಾಕಿದ್ ತಕ್ಷಣ ಎದ್ದು ಬಂತಾ?"

"ಹ್ಞೂಂ ಮಾವ. ತಪ್ಪಾಯ್ತು."

"ಪುಡಿಪುಡಿಯಾಗಿ ಬಂತೋ, ಸಿಪ್ಪೆ ಥರ ಬಂತೋ?"

"ಸಿಪ್ಪೆ ಥರ."

ಟೀ ಲೋಟ ಕೆಳಗಿಟ್ಟರು. "ಹಾಗಾದ್ರೆ ಬಣ್ಣ ಗಾಜನ್ನ ಹಿಡಿದೇ ಇರ್ಲಿಲ್ಲ. ಅವತ್ತು ಅವಸರ. ಜಿಡ್ಡಿನ ಮೇಲೇ ಬರೆದಿದ್ದೆ." ಆಮೇಲೆ ಮೆಲ್ಲಗೆ, "ನಾಳೆ ಎಷ್ಟು ಹೊತ್ತಿಗೆ ಹೋಗ್ಬೇಕು?"

ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಸುಮ್ಮನೆ, ಸಮಾಧಾನಕ್ಕೆ.

ಫೆಬ್ರವರಿ 13, ಗುರುವಾರ

ಮಾವನ ಬ್ರಷ್ ಡಬ್ಬಿ ಗಾಡಿಯಲ್ಲಿ, ಬಕೆಟ್ಟಿನ ಪಕ್ಕ. ತೆಗೆದರೆ ಬ್ರಷ್ಷುಗಳೆಲ್ಲ ಮೆತ್ತಗಿವೆ. ಕುರ್ಚಿ ಹಿಡಿದ ಮನುಷ್ಯ ಇಷ್ಟು ವರ್ಷ ಕದ್ದುಮುಚ್ಚಿ ಎಣ್ಣೆ ಹಚ್ಚಿಡುತ್ತಿದ್ದರು ಅಂತ ಕಾಣುತ್ತೆ!

ಮೊದಲು ನಾನು. ಒರೆಸಿದೆ, ಒಣಗಿಸಿದೆ, ಮತ್ತೆ ಒರೆಸಿದೆ. ಮಾವ ಬೆರಳು ಎಳೆದು ನೋಡಿದರು. ಕಿರ್ ಅಂತು. "ಇಂಥಾ ಗಾಜಿನ ಮೇಲೆ ನಾನು ಯಾವತ್ತೂ ಬರೆದಿಲ್ಲ" ಅಂದರು. ಸಲೂನಿನಣ್ಣ ಕೇಳಿಸಿಕೊಂಡ. ಕೇಳಿಸಿಕೊಳ್ಳಲಿ.

ಆಮೇಲೆ ನನ್ನನ್ನು ಹೊರಗೆ ನಿಲ್ಲಿಸಿದರು. ಸಾಲು ಏರಿದರೆ ನಾನು ಕೈ ಇಳಿಸಬೇಕು, ಇಳಿದರೆ ಎತ್ತಬೇಕು. ಅವರ ಕೈ ನಡುಗುತ್ತೆ. ಕೋಲೊಂದನ್ನು ಗಾಜಿಗೆ ಆನಿಸಿ, ಅದರ ಮೇಲೆ ಮಣಿಕಟ್ಟು ಇಟ್ಟು ಬರೆದರು. ಅವರು ಆ ಕಡೆಯಿಂದ ತಿರುಗಿಸಿ ಬರೆದದ್ದು ನನಗೆ ಈ ಕಡೆ ನೆಟ್ಟಗೆ ಮೂಡುತ್ತಾ ಬಂತು. "ಬನ್ನಿ" ಮುಗಿಸಿ ತಲೆಯೆತ್ತಿ ನನ್ನ ಮುಖ ನೋಡಿದರು, ಸರಿಯಿದೆಯಾ ಅಂತ. ನನ್ನನ್ನು ಯಾವುದಕ್ಕೂ ಕೇಳದ ಮಾವ. ಎರಡೂ ಕೈ ಎತ್ತಿಬಿಟ್ಟೆ. ಸಾಲು ಇಳಿದಿದೆ ಅಂದುಕೊಂಡು ಗಾಬರಿಯಾದರು ಪಾಪ.

ಫೆಬ್ರವರಿ 28

ಬರೆಯಲು ಪುರುಸೊತ್ತಿಲ್ಲ. ಔಷಧಿ ಅಂಗಡಿಯವರು ಕರೆದರು, ಚಪ್ಪಲಿ ಅಂಗಡಿಯವರು ಕರೆದರು. ಇಬ್ಬರೂ ಕೇಳಿದ್ದು ಒಂದೇ, "ಒರೆಸೋಕೆ ನೀವು, ಬರಿಯೋಕೆ ಅವ್ರೂ ಬರ್ತಾರಲ್ವಾ?" ಇವರು ಪ್ಯಾಕಿಂಗ್ ಸುದ್ದಿ ಎತ್ತುವುದು ಬಿಟ್ಟಿದ್ದಾರೆ. ಮಾವನ ಕುರ್ಚಿಯಲ್ಲಿ ಈಗ ಒಗೆದ ಬಟ್ಟೆ.

ಮಾರ್ಚ್ 5

ಮಾವ ಇವತ್ತೆಲ್ಲ ತಳ್ಳುಗಾಡಿ ಎದುರು ಕೂತಿದ್ದರು, ಬೆನ್ನು ಅಡ್ಡ ಕೊಟ್ಟು. ಬಿಸಿನೆಸ್ ಅಂದ ಮೇಲೆ ಹೆಸರು ಬೇಡವಾ ಅಂತೆ. ಏನು ಅಂತ ಕೇಳಿದರೆ, "ಒಣಗ್ಲಿ." ಮೇಲೆ ಪೇಪರು ಮುಚ್ಚಿದ್ದಾರೆ. ಮಗಳಿಗೆ ಗೊತ್ತು, ಬಾಯಿ ಬಿಡಳು.

ಮಾರ್ಚ್ 6, ಬೆಳಿಗ್ಗೆ

ತಡೆಯಲಾಗಲಿಲ್ಲ. ಪೇಪರು ಎತ್ತಿ ನೋಡಿಬಿಟ್ಟೆ.

"ಸೊಸೆ ಮತ್ತು ಮಾವ".

ಸೊಸೆ ಮೊದಲು. ದೊಡ್ಡ ಅಕ್ಷರ, ಹಳದಿ, ಅಂಚಿಗೆ ಕೆಂಪು. ಮಾವ ಸ್ವಲ್ಪ ಚಿಕ್ಕದು. ತಾವೇ ಹಾಗೆ ಬರೆದುಕೊಂಡಿದ್ದಾರೆ.

ಕೆಳಗೆ ಇನ್ನೊಂದು ಸಣ್ಣ ಸಾಲಿದೆ, ಬಣ್ಣ ಇನ್ನೂ ಹಸಿ, ಏನಂದರೆ... ಅಯ್ಯೋ, ಬಾಗಿಲಲ್ಲಿ ಅವರೇ. ಚಪ್ಪಲಿ ಮೆಟ್ಟಿ, ಬಕೆಟ್ ಹಿಡಿದುಕೊಂಡು ನಿಂತಿದ್ದಾರೆ. ಬಕೆಟ್! ಮಾವನ ಕೈಯಲ್ಲಿ! "ಬಿಸಿಲೇರಿದ್ರೆ ಸೋಪು ಗಾಜಿನ ಮೇಲೇ ಒಣಗುತ್ತೆ, ಬರ್ತೀಯೋ ಇಲ್ವೋ?" ಬಂದೆ ಮಾವ, ಬಂ...