ಪ್ರೋಸಿಯಾನ್ ಎಂದು ತೋರಿಸಿದ ದೀಪ

ಚಾಮರಾಜಪೇಟೆ, ಬೆಂಗಳೂರು
9 ಜೂನ್ 2025

ಪ್ರೀತಿಯ ಅಂಬುಜಾ,

ನಿನ್ನ ಮಂಡಿನೋವು ಹೇಗಿದೆ? ಧಾರವಾಡದ ಮಳೆಗೆ ಜಾಸ್ತಿಯಾಗಿಲ್ಲ ತಾನೇ? ಸುಪ್ರಜಾ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಮೊಮ್ಮಗಳು ಹಗಲು ಮಲಗಿ ರಾತ್ರಿ ಕಣ್ಣು ಬಿಟ್ಟುಕೊಂಡಿರುತ್ತಾಳೆಂದು ಕೇಳಿ ನನಗಂತೂ ಖುಷಿಯಾಯಿತು. ನಕ್ಷತ್ರ ನೋಡುವವರು ಮನೆಯಲ್ಲಿ ಇನ್ನೊಬ್ಬರು ಹುಟ್ಟಿದರು. ಮಗಳ ಬಾಣಂತನದ ಗಡಿಬಿಡಿಯಲ್ಲಿ ನಿನ್ನ ಮಾತ್ರೆ ಮರೆಯಬೇಡ. ದಿನಾ ಫೋನಿನಲ್ಲಿ ಮಾತಾಡುವವರು ಪತ್ರ ಯಾಕೆ ಬರೆದರೆಂದು ಹುಬ್ಬೇರಿಸುತ್ತಿದ್ದೀಯ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ಬೈಯಲು ಶುರು ಮಾಡುತ್ತೀಯ. ಪತ್ರದಲ್ಲಿ ನಿನಗೆ ಆ ಅನುಕೂಲವಿಲ್ಲ.

ವಿಷಯ ಇಷ್ಟೇ: ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಹತ್ತು ದಿನವಾಯಿತು. ಗಾಬರಿ ಬೇಡ, ಈ ಪತ್ರ ನಾನೇ ಬರೆಯುತ್ತಿರುವುದು, ಒಂದು ಸಾಲೂ ಸೊಟ್ಟಗಾಗಿಲ್ಲ ನೋಡು. ಎರಡು ವರ್ಷದಿಂದ ಮಬ್ಬಾಗಿತ್ತು. ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮೇಷ್ಟ್ರಿಗೆ ಆಪರೇಷನ್ ಎಂದರೆ ಹೆದರಿಕೆ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ? ನಿನಗೆ ಹೇಳಿದ್ದರೆ ನೀನು ಮಗು, ಬಾಣಂತಿ ಎಲ್ಲ ಬಿಟ್ಟು ಸಿಕ್ಕಿದ ಬಸ್ಸು ಹತ್ತುತ್ತಿದ್ದೆ.

ಗುಟ್ಟು ಬಯಲಾದದ್ದು ತಾರಸಿಯ ಮೇಲೆ. ಪ್ರತಿ ಬೇಸಿಗೆ ರಜೆಯಂತೆ ಈ ಸಲವೂ ಒಂದು ಭಾನುವಾರ ಸಂಜೆ ಬೀದಿಯವರನ್ನೆಲ್ಲ ಸೇರಿಸಿ, ಪಶ್ಚಿಮಕ್ಕೆ ಕೈ ಚಾಚಿ, ಅಗೋ ಪ್ರೋಸಿಯಾನ್ ನಕ್ಷತ್ರ ಎಂದೆ. ಅದರ ಬೆಳಕು ನಮಗೆ ತಲುಪಲು ಹನ್ನೊಂದೂವರೆ ವರ್ಷ ಬೇಕು, ಸೂರ್ಯನಿಗಿಂತ ಏಳು ಪಟ್ಟು ಪ್ರಕಾಶ, ಅಗಲ ಎರಡು ಪಟ್ಟು, ಬಣ್ಣ ಹಳದಿ ಬೆರೆತ ಬಿಳುಪು, ಒಡಲಿನ ಜಲಜನಕ ಮುಗಿಯುತ್ತಾ ಬಂದು ಈಗಷ್ಟೇ ಊದಿಕೊಳ್ಳಲು ಹೊರಟಿರುವ ಉಪದೈತ್ಯ ಎಂದೆಲ್ಲ ಕಾಲು ಗಂಟೆ ಕೊರೆದೆ. ಎಲ್ಲರೂ ಕಂಡಿತು ಸಾರ್, ಕಂಡಿತು ಸಾರ್ ಅಂದರು. ಮದುವೆಮನೆಯಲ್ಲಿ ಮಟಮಟ ಮಧ್ಯಾಹ್ನ ಅರುಂಧತಿ ತೋರಿಸಿದಾಗ ನಾವಿಬ್ಬರೂ ಅಂದಿರಲಿಲ್ಲವೇ, ಹಾಗೆ.

ಎಲ್ಲರೂ ಇಳಿದು ಹೋದ ಮೇಲೆ ಗಂಗರತ್ನಮ್ಮ ಉಳಿದರು. ಅದೇ, ನನ್ನ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಅಟೆಂಡರ್ ಆಗಿದ್ದ, ಹಿಂದಿನ ಬೀದಿಯ ಗಂಗರತ್ನಮ್ಮ. ನಾವು ಹೊರಗೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತೇವಲ್ಲ, ಅವರೇ. ದೂರದರ್ಶಕ ಹೊತ್ತು ನನ್ನ ಪಾಠವನ್ನೆಲ್ಲ ಕೇಳಿ ಕೇಳಿ ಅವರಿಗೆ ನನಗಿಂತ ಚೆನ್ನಾಗಿ ಬಾಯಿಪಾಠವಾಗಿದೆ. "ಬೇಜಾರ್ ಮಾಡ್ಕೋಬೇಡಿ ಸಾರ್. ನೀವು ತೋರ್ಸಿದ್ದು ಆ ಹೊಸ ಬಿಲ್ಡಿಂಗ್ ಮೇಲಿನ ಲೈಟು. ನಕ್ಷತ್ರ ಅದಕ್ಕಿಂತ ಮೇಲಿತ್ತು" ಅಂದರು. ನನ್ನ ಮುಖ ಎಷ್ಟು ಸಣ್ಣದಾಯಿತೆಂದು ನೀನು ನೋಡಬೇಕಿತ್ತು. ಕಣ್ಣಿನ ವಿಷಯ, ಹೆದರಿಕೆಯ ವಿಷಯ ಎಲ್ಲ ಬಾಯಿ ಬಿಟ್ಟೆ. ಅವರು ನಗಲಿಲ್ಲ. "ಬರ್ನರ್ ಹಚ್ಚೋಕೆ ಹೆದರೋ ಹುಡುಗ್ರಿಗೆ ಏನ್ ಹೇಳ್ತಿದ್ರಿ? ಹೆದರ್ಕೊಂಡೇ ಹಚ್ಚು ಅಂತ. ನಡೀರಿ ಮತ್ತೆ" ಅಂದರು.

ಆಸ್ಪತ್ರೆಗೆ ಅವರೇ ಆಟೋದಲ್ಲಿ ಕರೆದುಕೊಂಡು ಹೋದರು. ಸಂಬಂಧ ಏನಮ್ಮ ಎಂದು ನರ್ಸ್ ಕೇಳಿದ್ದಕ್ಕೆ "ಲ್ಯಾಬು" ಅಂದರು. ಅಂದಿನಿಂದ ದಿನಕ್ಕೆ ಆರು ಸಲ ಬಂದು ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದಾರೆ, ಒಂದು ಸಲವೂ ತಪ್ಪಿಸಿಲ್ಲ. ಊಟಕ್ಕೂ ತೊಂದರೆಯಿಲ್ಲ. ನಿನ್ನೆ ಸಂಜೆ ಮೋಡ ಸರಿದಿತ್ತು, ತಾರಸಿಗೆ ಹೋದೆ. ಪೊರೆ ಇನ್ನೂ ಇರುವ ಎಡಗಣ್ಣಿಗೆ ಪ್ರೋಸಿಯಾನ್ ಮಾಸಲು ಹಳದಿ. ಬಲಗಣ್ಣಿಗೆ ಬೆಳ್ಳಗೆ, ಚೂಪಾಗಿ, ಹೈಸ್ಕೂಲಿನಲ್ಲಿ ಮೊದಲ ಸಲ ಕಂಡ ಹಾಗೆಯೇ ಇತ್ತು. ನಾನು ಅತ್ತುಬಿಟ್ಟೆ ಅಂಬುಜಾ. ಡಾಕ್ಟರು ಅಳಬೇಡಿ ಎಂದೇನೂ ಹೇಳಿರಲಿಲ್ಲ. ಆ ಹೆಂಗಸಿನ ಋಣ ಹೇಗೆ ತೀರಿಸಲಿ ಎಂದು ಗೊತ್ತಾಗುತ್ತಿಲ್ಲ. ನೀನು ಅವರಿಗೆ ಒಂದು ಒಳ್ಳೆಯ ಮಾತು ಹೇಳಬೇಕು ಎಂಬುದೊಂದೇ ನನ್ನ ಆಸೆ.

ಸುಪ್ರಜಾಗೂ ಮಗುವಿಗೂ ನನ್ನ ತುಂಬು ಆಶೀರ್ವಾದ. ಅಳಿಯಂದಿರಿಗೆ ನೆನಪು ಹೇಳು. ಬೈಗುಳವನ್ನು ಕಂತಿನಲ್ಲಿ ಕಳಿಸು.

ನಿನ್ನ,
ವರದರಾಜ

ತಾ.ಕ.: ಊಟದ ವಿಷಯ ಹಾರಿಸಿಬಿಟ್ಟೆ. ಹೇಳಿಯೇ ಬಿಡುತ್ತೇನೆ. ಹತ್ತು ದಿನವೂ ಅನ್ನ ಸಾರು ಮಾಡಿದ್ದು ಗಂಗರತ್ನಮ್ಮ, ನಮ್ಮ ಅಡುಗೆಮನೆಯಲ್ಲಿ, ನಿನ್ನ ಪಾತ್ರೆಗಳಲ್ಲಿ. ಮೊದಲ ದಿನ ಕಾಫಿ ಮಾಡಿ ನನಗೆ ನನ್ನ ಲೋಟದಲ್ಲಿ ಕೊಟ್ಟರು. ಆಮೇಲೆ ತಾವೇ ಹಿತ್ತಲಿಗೆ ಹೋಗಿ, ಕಿಟಕಿಯ ಮೇಲೆ ಅವರಿಗೆಂದು ನಾವು ಬೇರೆ ಇಟ್ಟಿರುವ ಲೋಟವನ್ನು ತೊಳೆದು ತಂದುಕೊಂಡರು. ಯಾರೂ ಹೇಳಿರಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ. ಇಟ್ಟವಳು ನೀನಾದರೂ ಇಷ್ಟು ವರ್ಷ ನೋಡಿ ಸುಮ್ಮನಿದ್ದವನು ನಾನು. ಆಗೆಲ್ಲ ನನ್ನ ಕಣ್ಣು ಚೆನ್ನಾಗಿಯೇ ಇತ್ತು. ನಿನ್ನೆ ಆ ಲೋಟವನ್ನು ನಮ್ಮ ಲೋಟಗಳ ಜೊತೆ ಸೇರಿಸಿಟ್ಟೆ. ಬಂದ ಮೇಲೆ ಹುಡುಕಬೇಡ. ಯಾವುದೆಂದು ಈಗ ನನಗೂ ಗೊತ್ತಾಗುವುದಿಲ್ಲ.