ಎಸಿ ನಿಲ್ಲಿಸಿದ ಮರುದಿನ

ಅತ್ತೆ,

ಎಸಿ ತೊಳೆಯುವವನು ಹತ್ತು ಗಂಟೆಗೆ ಬರುತ್ತಾನೆ. ಜೊತೆಯಲ್ಲಿ ವಾಚ್‌ಮನ್ ಇದ್ದರೆ ಮಾತ್ರ ಬಾಗಿಲು ತೆಗೆಯಿರಿ. ದುಬೈಯಲ್ಲಿ ಇನ್ನು ಮಾರ್ಚ್‌ವರೆಗೆ ಎಸಿ ಬೇಡ, ಕಿಟಕಿ ತೆರೆದಿಡಿ. ಜಾಲರಿಯಲ್ಲಿ ಬೇಸಿಗೆಯ ಮರಳು ಕೂತಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ದೀಕ್ಷಿತಾ ಶಾಲೆಯಿಂದ ಬರುವ ಮೊದಲು ಬಾಲ್ಕನಿಯ ಚಿಲಕ ಹಾಕಿ, ಹಾಕಿದ ಮೇಲೆ ಎಳೆದು ನೋಡಿ.

ನಿನ್ನೆ ಸಂಜೆ ಎಸಿ ನಿಲ್ಲಿಸಿದಾಗ ಮನೆ ಎಷ್ಟು ನಿಶ್ಶಬ್ದವಾಯಿತೆಂದು ನೀವು ಗಮನಿಸಲಿಲ್ಲ. ನೀವು ಫೋನಿನಲ್ಲಿ ಜಲಜಾಕ್ಷಿ ಚಿಕ್ಕಮ್ಮನಿಗೆ ಹೇಳಿದ ಒಂದೊಂದು ಮಾತೂ ಅಡುಗೆಮನೆಗೆ ಕೇಳಿಸಿತು. "ಚಿಲಕವನ್ನು ಹತ್ತು ಸಲ ನೋಡುವವಳ ಕೈಯಲ್ಲಿ ಮಗು ಬೆಳೀತದಾ? ಅವಳಿಗೆ ಮಂಡೆ ಸಮ ಇಲ್ಲ ಮಾರಾಯ್ತಿ. ಬರುವಾಗ ಮಗುವನ್ನು ಊರಿಗೆ ಕರ್ಕೊಂಡೇ ಬರ್ತೇನೆ. ಪೃಥ್ವಿ ಆಯ್ತು ಅಂತ ಹೇಳಿದ್ದಾನೆ."

ಊಟದ ನಂತರ ನಿಮ್ಮ ಮಗನನ್ನು ಕೇಳಿದೆ. ತಾನು ಹಾಗೆ ಹೇಳಿಯೇ ಇಲ್ಲ ಎಂದರು. ನಿಮ್ಮ ಮುಂದೆ ಹೌದು, ನನ್ನ ಮುಂದೆ ಇಲ್ಲ. ನೀವು ಮಕ್ಕಳನ್ನು ಹೇಗೆ ಬೆಳೆಸುತ್ತೀರಿ ಎಂಬುದಕ್ಕೆ ಅವರೇ ಸಾಕ್ಷಿ.

ನಿಮ್ಮ ವಿಸಿಟ್ ವೀಸಾ ಡಿಸೆಂಬರ್‌ವರೆಗೆ ಇದ್ದರೂ ನಿಮ್ಮ ಮಗ ರಾತ್ರಿಯೇ ನಿಮ್ಮ ಟಿಕೆಟನ್ನು ಈ ಗುರುವಾರಕ್ಕೆ ಬದಲಿಸಿದ್ದಾರೆ. ಅದನ್ನು ನಿಮಗೆ ಹೇಳುವ ಧೈರ್ಯ ಅವರಿಗಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ದೀಕ್ಷಿತಾಳ ಪಾಸ್‌ಪೋರ್ಟ್ ನನ್ನ ಬ್ಯಾಗಿನಲ್ಲಿದೆ, ಹುಡುಕಬೇಡಿ.

ಕಪಾಟಿನ ಮೇಲಿನ ಕಂಬಳಿಗಳನ್ನು ಇಳಿಸಿ ಬಿಸಿಲಿಗೆ ಹಾಕಿ. ನಿಮ್ಮದು ಅಲ್ಲೇ ಇರಲಿ.

"ಅಜ್ಜಿ, ಯಾಕೆ ಹೋಗುತ್ತಿದ್ದೀರಿ?" ಎಂದು ಮಗು ಅತ್ತರೆ, "ದುಬೈಯ ಚಳಿ ನನಗೆ ಆಗುವುದಿಲ್ಲ" ಎಂದು ನೀವೇ ಹೇಳಿ. ನಿಮ್ಮ ಮಾತನ್ನು ಈಗಲೂ ನಂಬುವವಳು ಈ ಮನೆಯಲ್ಲಿ ಅವಳೊಬ್ಬಳೇ.