ತಿರುಗಿ ಬರಬ್ಯಾಡ್ರಿ ಅಂದಿದ್ದೆ

ಜುಲೈ 14, ಸೋಮವಾರ. ಬೆಳಿಗ್ಗೆ 10.20
ಹದಿನೇಳನೆಯ ಫೋನು. ಇವರೂ "ನೋಡಾಣ್ರಿ" ಎಂದು ಇಟ್ಟರು.

ರಿಟೈರ್ ಆಗಿ ಆರು ವರ್ಷದ ಮೇಲೆ ಆಸ್ಪತ್ರೆಯವರು ಕರೆಸಿದ್ದು ಸುಮ್ಮನೆ ಅಲ್ಲ. ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವ ಮಷಿನ್ ಮುಂದೆ ಮೂವತ್ತು ವರ್ಷ ನಿಂತವನು. ಯಾರಿಗೆ ಎಡ ಎದೆಗೆ ಬಿತ್ತು, ಯಾರಿಗೆ ಕುತ್ತಿಗೆಗೆ — ಫೈಲೇ ಬೇಡ, ಮುಖ ನೋಡಿ ಹೇಳುತ್ತೇನೆ. ಜನರ ಬಾಯಲ್ಲಿ ಅದು "ಕರೆಂಟ್ ಕೊಡೋದು". ನಾನು ಕರೆಂಟ್ ಕುಬೇರಪ್ಪ.

ಹೃದಯದ ಡಾಕ್ಟರ್ ಸ್ನೇಹಾ ಹೇಳಿದ್ದು ಇಷ್ಟು: ಎದೆಗೆ ಬಿದ್ದ ರೇಡಿಯೇಷನ್ ಹತ್ತು-ಹದಿನೈದು ವರ್ಷದ ಮೇಲೆ ಹೃದಯದ ರಕ್ತನಾಳ ಕೆಡಿಸಬಹುದು. ನೋವು ಬರುವ ಮೊದಲೇ ಟೆಸ್ಟ್ ಆಗಬೇಕು. ಅಂಥ ಹಳೆಯ ರೋಗಿಗಳ ಪಟ್ಟಿಯಲ್ಲಿ ನಲವತ್ತೆರಡು ಜನ. ಬಂದವರು ಇಬ್ಬರು. ಇರಲಿ. ನಾನು ಕರೆದ ಮೇಲೆ ಬಾರದೆ ಎಲ್ಲಿ ಹೋಗುತ್ತಾರೆ.

ಜುಲೈ 16
ಹೊನ್ನಕ್ಕ, ಮಲೆಬೆನ್ನೂರು. 2009, ಎಡ ಸ್ತನ, ಇಪ್ಪತ್ತೈದು ದಿನ. ಫೋನಿನಲ್ಲಿ ಮಾತಿನ ಮಧ್ಯೆ ನಿಂತು ನಿಂತು ಉಸಿರು ತೆಗೆದುಕೊಳ್ಳುತ್ತಾಳೆ.

"ವಯಸ್ಸಾತಲ್ಲ ಸಾಹೇಬ್ರೆ. ಬದುವಿನ ಮ್ಯಾಲೆ ನಡದ್ರೆ ಉಬ್ಬುಸ ಬರ್ತೈತೆ, ಅಷ್ಟೆ."

ಐವತ್ನಾಲ್ಕಕ್ಕೆ ಎಂಥ ವಯಸ್ಸು? ದಾವಣಗೆರೆಗೆ ಬಾ ಎಂದರೆ, "ನಾ ಬರಂಗಿಲ್ಲ." ಇಟ್ಟೇಬಿಟ್ಟಳು. ಸಿಟ್ಟು ನೆತ್ತಿಗೇರಿತು.

ಜುಲೈ 19, ಶನಿವಾರ
ಬಸ್ ಹತ್ತಿ ಅವಳ ಮನೆಗೇ ಹೋದೆ. ಸೊಸೆ ಕೀರ್ತನಾ ಚಹಾ ಕೊಟ್ಟಳು. ಯಾಕ ಬರಲ್ಲ ಹೇಳು ಎಂದು ಪಟ್ಟು ಹಿಡಿದೆ.

"ಕಡೇ ದಿನ ನೀವೇನಂದ್ರಿ? ಹೋಗ್ರಿ, ತಿರುಗಿ ನೋಡಬ್ಯಾಡ್ರಿ, ಮತ್ತೆ ಈ ಬಾಗಲಿಗೆ ಬರಬ್ಯಾಡ್ರಿ ಅಂದ್ರಿ. ಆಸ್ಪತ್ರಿ ಮುಂದೆ ಬಸ್ ಹೋದ್ರೂ ಕಣ್ಣು ಮುಚ್ಕಂತೀನಿ. ನಿಮ್ಮ ಮಾತು ನಡೆಸಿದ್ದಕ್ಕೇ ಉಳದೀನಿ."

ಚಹಾ ಕೆಳಗಿಟ್ಟೆ. ಎಲ್ಲರಿಗೂ ಅದನ್ನೇ ಹೇಳಿ ಕಳಿಸಿದ್ದೆ... ಆಸ್ಪತ್ರೆಯಲ್ಲಿ "ಹೋಗಿ ಬರ್ರಿ" ಎನ್ನಬಾರದಲ್ಲ, ಅದಕ್ಕೆ. ಹರಸಿದೆ ಅಂದುಕೊಂಡಿದ್ದೆ. ಅವರು ಹರಕೆಯಂತೆ ಪಾಲಿಸಿದರು. ಯಾರೂ ವಾಪಸ್ ಬರಲಿಲ್ಲ ಎಂದು ಬೀಗಿದ್ದೂ ನಾನೇ. ಥೂ ನನ್ನ ಬಾಯಿಗೆ.

"ಆ ಮಾತು ನಂದು. ನಾನೇ ವಾಪಸ್ ತಗಂಡೀನಿ. ಸೋಮವಾರ ಬಾರವ್ವ."

"ಬಾಗಲಾಗೆ ನೀವು ನಿಂತಿರ್ತೀರೇನು?"

"ನಿಂತಿರ್ತೀನಿ."

ಜುಲೈ 21, ಮಧ್ಯಾಹ್ನ 1.30
ನಿಂತಿದ್ದೆ. ಬಂದಳು.

ಇಸಿಜಿ ಸರಿ. ಎಕೋ ಸರಿ. "ನಾ ಹೇಳಿದ್ನಲ್ಲ?" ಎನ್ನುವ ಹಾಗೆ ನನ್ನ ಕಡೆ ನೋಡಿದಳು. ಆಮೇಲೆ ಟ್ರೆಡ್‌ಮಿಲ್. ನಾಲ್ಕು ನಿಮಿಷಕ್ಕೆ ಇಸಿಜಿ ಗೆರೆ ಕೆಟ್ಟಿತು, ಸ್ನೇಹಾ ನಿಲ್ಲಿಸಿದರು. ಮನೆಗೆ ಕಳಿಸಲಿಲ್ಲ.

ಜುಲೈ 23
ಮುಖ್ಯ ರಕ್ತನಾಳ ತೊಂಬತ್ತು ಪರ್ಸೆಂಟ್ ಬ್ಲಾಕ್. ಸ್ಟೆಂಟ್ ಹಾಕಿದರು. ಬಾರದೇ ಇದ್ದಿದ್ದರೆ ಈ ನಾಟಿಯಲ್ಲೇ ಹೊನ್ನಕ್ಕ ಗದ್ದೆಯಲ್ಲಿ ಬಿದ್ದಿರುತ್ತಿದ್ದರು ಎಂದರು ಸ್ನೇಹಾ.

ಸಂಜೆ ವಾರ್ಡಿನಲ್ಲಿ ಹೊನ್ನಕ್ಕ ಕೇಳಿದಳು. "ಇದು ನಿಮ್ಮ ಕರೆಂಟಿಂದ್ಲೇ ಆಗಿದ್ದಾ?"

ವಯಸ್ಸು ಎನ್ನಬಹುದಿತ್ತು. ಸುಳ್ಳಿಗೆ ಬಾಯಿ ಬರಲಿಲ್ಲ. "ಬಹಳ ಮಾಡಿ ಹೌದವ್ವ."

"ಅವತ್ತೇ ಹೇಳಿದ್ರೆ ಎದ್ದು ಓಡಿರ್ತಿದ್ದೆ. ಹೇಳದಿದ್ದದ್ದೇ ಚಲೋ ಆತು." ಅಷ್ಟು ಹೇಳಿ ಇಡ್ಲಿ ಮುರಿದಳು.

ಕಾರಿಡಾರಿಗೆ ಬಂದು ಅತ್ತೆ. ಸಮಾಧಾನಕ್ಕೂ ಅತ್ತೆ.

ಜುಲೈ 28, ಸೋಮವಾರ. ಬೆಳಿಗ್ಗೆ 9.05
ಈಗ ಫೋನಿನಲ್ಲಿ ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ, ಆಮೇಲೆ ಟೆಸ್ಟಿನ ಮಾತು. ಇಪ್ಪತ್ತಾರು ಜನ ಡೇಟ್ ತೆಗೆದುಕೊಂಡರು. ಉಳಿದವರನ್ನೂ ಬಿಡುವವನಲ್ಲ.

ಸೈಫುಲ್ಲಾ, ಹರಿಹರ. 2011, ಎದೆಯ ಗಡ್ಡೆ. ಫೋನ್ ಎತ್ತಿದರು. ಹಲೋ... ಆಮೇಲೆ ಬರೀ ಏದುಸಿರು. ಬೆಳಿಗ್ಗೆಯಿಂದ ಎದೆ ಹಿಂಡುತ್ತಿದೆಯಂತೆ, ಗ್ಯಾಸ್ ಅಂತೆ.

"ಕೂಡ್ರಿ. ಅಲ್ಲೇ ಕೂಡ್ರಿ. ಫೋನ್ ಇಡಬ್ಯಾಡ್ರಿ."

ಪಕ್ಕದ ಟೇಬಲ್ಲಿನಿಂದ ಸ್ನೇಹಾ 108ಕ್ಕೆ ಹಚ್ಚಿದ್ದಾರೆ. ವಿಳಾಸ ಕೇಳುತ್ತಿದ್ದಾರೆ. ಸೈಫುಲ್ಲಾ ಹೇಳಿದ್ದನ್ನು ಬರೆದುಕೊಳ್ಳಲು ಕೈಗೆ ಸಿಕ್ಕಿದ್ದು ಇದೇ ಪುಸ್ತಕ — ಹರಿಹರ, ಹೊಳೆ ಕಡೆ ರಸ್ತೆ, ಮಸೀದಿ ಹಿಂದೆ, ಹಸಿರು ಗೇಟು, ಎರಡನೇ ಮಹಡಿ, ಮನೆ ನಂಬರ್ —